ಬಿಳಿ ಪದರದ ಬೆನ್ನು ಹತ್ತಿ: ಜ್ವಾಲಾಮುಖಿಯ ಬೂದಿ ಎಲ್ಲಿಂದ ಬಂತೆಂದು ಪತ್ತೆ ಮಾಡುವುದು ಹೇಗೆ

ಹುಬ್ಬಳ್ಳಿಯಿಂದ ಹೊರಡುವ ಅಮರಾವತಿ ಎಕ್ಸ್‌ಪ್ರೆಸ್ ಗದಗ, ಕೊಪ್ಪಳ, ಬಳ್ಳಾರಿ, ಗುಂತಕಲ್ಲು ದಾಟಿ ನಂದ್ಯಾಲದ ಕಡೆ ಹೊರಳುತ್ತದೆ. ಆ ಸೀಮೆಯ ಜುರ್ರೇರು ಕಣಿವೆಯಲ್ಲಿ ಜ್ವಾಲಾಪುರಂ ಎಂಬ ಹಳ್ಳಿ ಇದೆ. ಅಲ್ಲಿನ ಹೊಲಗಳ ಕೆಳಗೆ, ಕೆಂಪು-ಕಂದು ಮಣ್ಣಿನ ನಡುವೆ, ಬೂದುಬಿಳಿ ಪುಡಿಯ ಪದರವೊಂದು ಮಲಗಿದೆ. ಕೆಲವು ಕಡೆ ಅದರ ದಪ್ಪ ಎರಡೂವರೆ ಮೀಟರ್. ಊರಿನವರು ಅದನ್ನು ಅಗೆದು, ಉಜ್ಜಿ ತೊಳೆಯುವ ಪುಡಿ ಮಾಡುವವರಿಗೆ ಮಾರುತ್ತ ಬಂದಿದ್ದಾರೆ. ಹಾಗೆ ಅಗೆದ ಗುಂಡಿಗಳ ಗೋಡೆಗಳಲ್ಲೇ ಪುರಾತತ್ತ್ವಜ್ಞರಿಗೆ ಆ ಪದರ ಸ್ಪಷ್ಟವಾಗಿ ಕಂಡದ್ದು.

ಅದು ಜ್ವಾಲಾಮುಖಿಯ ಬೂದಿ. ಆದರೆ ಆಂಧ್ರದಲ್ಲಾಗಲಿ ಕರ್ನಾಟಕದಲ್ಲಾಗಲಿ ಕಳೆದ ಕೆಲವು ಲಕ್ಷ ವರ್ಷಗಳಲ್ಲಿ ಯಾವ ಜ್ವಾಲಾಮುಖಿಯೂ ಸಿಡಿದಿಲ್ಲ. ಈ ಬೂದಿ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ತೋಬಾದಿಂದ, ಸುಮಾರು 2,600 ಕಿಲೋಮೀಟರ್ ದೂರದಿಂದ, ಸುಮಾರು 74,000 ವರ್ಷಗಳ ಹಿಂದೆ ಬಂತು ಎನ್ನುತ್ತಾರೆ ವಿಜ್ಞಾನಿಗಳು. ತೋಬಾ ಇಂದು ಒಂದು ದೊಡ್ಡ ಸರೋವರ. 100 ಕಿಲೋಮೀಟರ್ ಉದ್ದ, 30 ಕಿಲೋಮೀಟರ್ ಅಗಲದ ಆ ತಗ್ಗು ಸ್ಫೋಟಗಳಾದ ಮೇಲೆ ನೆಲ ಕುಸಿದು ಆದದ್ದು. ಕೊನೆಯ ಮಹಾಸ್ಫೋಟದಲ್ಲಿ ಹೊರಬಿದ್ದ ಶಿಲಾಪಾಕ, ಅಂದರೆ ಕರಗಿದ ಕಲ್ಲು, ಕಡಿಮೆ ಎಂದರೂ 2,800 ಘನ ಕಿಲೋಮೀಟರ್ ಎಂಬುದು ಬಹಳ ಕಾಲ ಬಳಕೆಯಲ್ಲಿದ್ದ ಅಂದಾಜು. ಈಚಿನ ಅಂದಾಜುಗಳು ಅದಕ್ಕಿಂತಲೂ ಹೆಚ್ಚು.

ಹೇಳಿದರೆ ನಂಬಬೇಕೆಂದೇನಿಲ್ಲ. ಕಣಿವೆಯ ಮಣ್ಣಿನಲ್ಲಿರುವ ಬಿಳಿ ಪುಡಿಗೆ ಸಮುದ್ರದಾಚೆಯ ಒಂದು ಬೆಟ್ಟದ ಹೆಸರು ಹಚ್ಚುವುದು ಸಣ್ಣ ಮಾತಲ್ಲ. ಅದು ಹೇಗೆ ಸಾಧ್ಯವಾಯಿತು ಎಂಬುದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಈ ಕಥೆಯ ಒಂದು ಮುಖ್ಯ ಎಳೆ ನಮ್ಮ ಧಾರವಾಡದ್ದು ಎಂಬುದೂ ನಮ್ಮವರಿಗೆ ಗೊತ್ತಿರಬೇಕು.

ಮೊದಲು ಬೂದಿ ಎಂದರೇನು ಎಂಬುದು ಸ್ಪಷ್ಟವಾಗಲಿ. ಒಲೆಯ ಬೂದಿ ಸುಟ್ಟು ಉಳಿದದ್ದು. ಜ್ವಾಲಾಮುಖಿಯ ಬೂದಿಯಲ್ಲಿ ಏನೂ ಸುಟ್ಟಿರುವುದಿಲ್ಲ, ಅದು ಒಡೆದ ಗಾಜು. ನೆಲದಾಳದ ಕರಗಿದ ಶಿಲಾಪಾಕದಲ್ಲಿ ನೀರಿನ ಆವಿ ಮತ್ತು ಇತರ ಅನಿಲಗಳು ಬೆರೆತಿರುತ್ತವೆ. ಶಿಲಾಪಾಕ ಮೇಲೇರಿದಂತೆ ಒತ್ತಡ ಇಳಿಯುತ್ತದೆ, ಅನಿಲ ಗುಳ್ಳೆಗಟ್ಟುತ್ತದೆ, ಗುಳ್ಳೆಗಳು ಉಬ್ಬಿ ಉಬ್ಬಿ ಕೊನೆಗೆ ಇಡೀ ರಾಶಿ ಛಿದ್ರವಾಗಿ ಸಿಡಿಯುತ್ತದೆ. ಹರಳುಗಟ್ಟಲು ಸಮಯ ಸಿಗದೆ ತಣ್ಣಗಾದ ಚೂರುಗಳು ಗಾಜಾಗಿ ಉಳಿಯುತ್ತವೆ. ಎರಡು ಮಿಲಿಮೀಟರಿಗಿಂತ ಸಣ್ಣ ಚೂರಿಗೆಲ್ಲ ಬೂದಿ ಎಂದೇ ಹೆಸರು. ದೂರ ಸಾಗುವವು ಇನ್ನೂ ಸಣ್ಣವು, ಮಿಲಿಮೀಟರಿನ ನೂರನೆಯ ಕೆಲವು ಭಾಗಗಳಷ್ಟು.

ಸೂಕ್ಷ್ಮದರ್ಶಕದ ಕೆಳಗೆ ಅವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಮರಳಿನ ಕಣ ದುಂಡಗೆ, ಮಂಕಾಗಿ ಕಾಣುತ್ತದೆ. ಬೂದಿಯ ಚೂರಿನಲ್ಲಿ ಬೆಳಕು ಆಚೆಗೆ ಹಾಯುತ್ತದೆ, ಅಂಚುಗಳು ಚೂಪು, ಮೈ ಬಾಗಿದ್ದು. ಅವು ಒಡೆದ ಗುಳ್ಳೆಗಳ ಗೋಡೆಗಳು. ಮೂರು ಗುಳ್ಳೆಗಳು ಕೂಡಿದ್ದ ಜಾಗದ ಚೂರು ಮೂರು ಕವಲೊಡೆದಿರುತ್ತದೆ. ಕೆಲವು ಚೂರುಗಳಲ್ಲಿ ಉದ್ದಕ್ಕೆ ಎಳೆದ ಗುಳ್ಳೆಗಳು ಸಾಲಾಗಿ ಹಾಗೇ ಉಳಿದಿರುತ್ತವೆ. ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನಷ್ಟೇ ಬಿಡುವ ಎರಡು ಧ್ರುವಕ ಗಾಜುಗಳನ್ನು ಅಡ್ಡಡ್ಡ ಇಟ್ಟು ನೋಡಿದರೆ ಸುತ್ತಲಿನ ಬೆಣಚುಕಲ್ಲಿನ ಕಣಗಳು ಬೆಳಗುತ್ತವೆ, ಬೂದಿಯ ಚೂರು ಮಾತ್ರ ಪೂರಾ ಕಪ್ಪಾಗುತ್ತದೆ. ಇಷ್ಟಾದರೆ ಇದು ಜ್ವಾಲಾಮುಖಿಯ ಗಾಜು ಎಂಬುದು ಹೆಚ್ಚುಕಡಿಮೆ ಖಚಿತ. ಯಾವ ಜ್ವಾಲಾಮುಖಿಯದು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಇಂದಿನ ಸ್ಫೋಟವಾದರೆ ಈ ಪ್ರಶ್ನೆಯೇ ಏಳುವುದಿಲ್ಲ. 2025ರ ನವೆಂಬರ್‌ನಲ್ಲಿ ಇಥಿಯೋಪಿಯಾದ ಹೈಲಿ ಗುಬ್ಬಿ ಸಿಡಿದು, ಬೂದಿಯ ಮೋಡ ಕೆಂಪು ಸಮುದ್ರ, ಅರಬ್ಬಿ ಸಮುದ್ರ ದಾಟಿ ಉತ್ತರ ಭಾರತದ ಆಕಾಶಕ್ಕೆ ಬಂದಾಗ ಉಪಗ್ರಹಗಳು ಅದರ ಹಾದಿಯನ್ನು ತೋರಿಸುತ್ತಲೇ ಇದ್ದವು. ಈ ಗಾಜು ಜೆಟ್ ಎಂಜಿನ್ನಿನ ಬಿಸಿಗೆ ಕರಗಿ ಒಳಗಿನ ರೆಕ್ಕೆಗಳ ಮೇಲೆ ಮತ್ತೆ ಗಟ್ಟಿಯಾಗುತ್ತದೆ. ಆ ಭಯಕ್ಕೇ ವಿಮಾನಗಳು ರದ್ದಾದವು, ದಾರಿ ಬದಲಿಸಿದವು. 74,000 ವರ್ಷಗಳ ಹಿಂದಿನದನ್ನು ನೋಡಿದವರಿಲ್ಲ. ಸಾಕ್ಷಿ ಬೇಕೆಂದರೆ ಪುಡಿಯೊಂದೇ.

ಪದರದ ದಪ್ಪ ನೋಡಿ ಮೂಲ ಊಹಿಸಬಹುದಲ್ಲ ಅನ್ನಿಸುತ್ತದೆ: ದಪ್ಪ ಇದ್ದರೆ ಹತ್ತಿರದ್ದು, ತೆಳುವಾದರೆ ದೂರದ್ದು. ದ್ವೀಪವೊಂದರ ಮೇಲೆ ನಿಂತು ಒಂದೇ ಜ್ವಾಲಾಮುಖಿಯ ಸುತ್ತ ಅಳೆಯುವಾಗ ಈ ಲೆಕ್ಕ ನಡೆಯುತ್ತದೆ. ಭಾರತದಲ್ಲಿ ನಡೆಯುವುದಿಲ್ಲ. ಜ್ವಾಲಾಪುರಂನಲ್ಲಿ ಆಕಾಶದಿಂದ ನೇರವಾಗಿ ಬಿದ್ದು ಕೂತ ಬೂದಿ ಕೆಲವೇ ಸೆಂಟಿಮೀಟರ್. ಅದರ ಮೇಲಿರುವ ಆಳೆತ್ತರದ ರಾಶಿಯೆಲ್ಲ ಸುತ್ತಲಿನ ಇಳಿಜಾರುಗಳಿಂದ ಮಳೆನೀರು ತೊಳೆದು ತಂದು ತಗ್ಗಿನಲ್ಲಿ ಗುಡ್ಡೆ ಹಾಕಿದ್ದು. ಮೊದಲ ಮಳೆಗಾಲದಲ್ಲಿ ಬೋಳು ಗುಡ್ಡಗಳಿಂದ ಎಷ್ಟು ಬೂದಿ ಇಳಿದು ಬಂದಿರಬಹುದು ಯೋಚಿಸಿ. ಹಾಗಾಗಿ ಪದರದ ದಪ್ಪ ಆ ಜಾಗದ ಇಳಿಜಾರನ್ನು ಹೇಳುತ್ತದೆ, ಸ್ಫೋಟದ ದೂರವನ್ನಲ್ಲ. ಬಣ್ಣವೂ ಅಷ್ಟೇ, ತಿಳಿಬಣ್ಣದ ಬೂದಿ ಉಗುಳುವ ಜ್ವಾಲಾಮುಖಿಗಳು ಲೋಕದಲ್ಲಿ ನೂರಾರಿವೆ.

ಗಾಳಿಯ ಹಾದಿಯಿಂದ ಒಂದಿಷ್ಟು ಸುಳಿವು ಸಿಗುತ್ತದೆ, ಅದು ನಮಗೆ ಹತ್ತಿರದ ವಿಷಯವೂ ಹೌದು. ಮುಂಗಾರಿನ ದಿನಗಳಲ್ಲಿ ನೆಲದ ಮಟ್ಟದ ಗಾಳಿ ನೈಋತ್ಯದಿಂದ ಬೀಸುತ್ತದೆ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಅದೇ ದಿನಗಳಲ್ಲಿ ದಕ್ಷಿಣ ಭಾರತದ ಮೇಲೆ, ಸುಮಾರು 12ರಿಂದ 16 ಕಿಲೋಮೀಟರ್ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ರಭಸದ ಗಾಳಿಯೊಂದು ಓಡುತ್ತಿರುತ್ತದೆ ಎಂಬುದು ಅಷ್ಟಾಗಿ ತಿಳಿದಿರುವುದಿಲ್ಲ. ತೋಬಾದ ಬೂದಿ ಪಶ್ಚಿಮಕ್ಕೆ ಬಂಗಾಳ ಕೊಲ್ಲಿ, ಭಾರತ, ಅರಬ್ಬಿ ಸಮುದ್ರದಲ್ಲೂ ಸಿಕ್ಕಿದೆ, ಈಶಾನ್ಯಕ್ಕೆ ದಕ್ಷಿಣ ಚೀನಾ ಸಮುದ್ರದ ತಳದಲ್ಲೂ ಸಿಕ್ಕಿದೆ. ಒಂದೇ ಸ್ಫೋಟದ ಬೂದಿ ಎರಡು ವಿರುದ್ಧ ದಿಕ್ಕುಗಳಿಗೆ ಹೋಗಬೇಕಾದರೆ ಮೇಲೊಂದು, ಕೆಳಗೊಂದು ಗಾಳಿ ಬೀಸುತ್ತಿರಬೇಕು. ಇದನ್ನು ಆಧಾರವಾಗಿಟ್ಟು, ಸ್ಫೋಟ ನಡೆದದ್ದು ಮುಂಗಾರಿನ ತಿಂಗಳುಗಳಲ್ಲಿ ಎಂದು ಸಂಶೋಧಕರು ವಾದಿಸಿದ್ದಾರೆ. 74,000 ವರ್ಷ ಹಿಂದಿನ ಘಟನೆಯ ಋತುವನ್ನು ಗುರುತಿಸುವ ಈ ವಾದ ನನಗೆ ಬಹಳ ಇಷ್ಟ. ಆದರೂ ಇದು ಪೋಷಕ ಸಾಕ್ಷಿ ಮಾತ್ರ. ತೀರ್ಮಾನ ಕೊಡುವುದು ರಸಾಯನ.

ಪ್ರತಿ ಜ್ವಾಲಾಮುಖಿಯ ಕೆಳಗಿನ ಶಿಲಾಪಾಕ ಬೇರೆ ಬೇರೆ ಕಲ್ಲುಗಳು ಕರಗಿ, ಬೇರೆ ಬೇರೆ ಆಳದಲ್ಲಿ, ಬೇರೆ ಬೇರೆ ಕಾಲ ಕಾದು ತಯಾರಾಗುತ್ತದೆ. ಕಾಯುವಾಗ ಅದರಲ್ಲಿ ಕೆಲವು ಖನಿಜಗಳು ಮೊದಲು ಹರಳುಗಟ್ಟುತ್ತವೆ. ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಮತ್ತು ಕಪ್ಪು ಅಭ್ರಕ ಹರಳುಗಟ್ಟುವಾಗ ಬೇರಿಯಂ ಅನ್ನು ಹೆಚ್ಚು ಹೆಚ್ಚು ತಮ್ಮೊಳಕ್ಕೆ ಎಳೆದುಕೊಳ್ಳುತ್ತವೆ. ಹರಳು ಹೆಚ್ಚಾದಷ್ಟೂ ಉಳಿದ ದ್ರವದಲ್ಲಿ ಬೇರಿಯಂ ಕಡಿಮೆಯಾಗುತ್ತ ಹೋಗುತ್ತದೆ. ಸ್ಟ್ರಾನ್ಷಿಯಂ, ರುಬಿಡಿಯಂ, ಯಿಟ್ರಿಯಂ, ಜಿರ್ಕೋನಿಯಂ, ಥೋರಿಯಂ ಹೀಗೆ ಒಂದೊಂದು ಧಾತುವಿಗೆ ಒಂದೊಂದು ನಡತೆ. ಸಿಡಿಯುವ ಕ್ಷಣದಲ್ಲಿ ದ್ರವ ಯಾವ ಹದದಲ್ಲಿತ್ತೋ ಆ ಹದ ಗಾಜಿನಲ್ಲಿ ಹಾಗೇ ಉಳಿದುಬಿಡುತ್ತದೆ. ಸಿಲಿಕಾ ಒಂದನ್ನೇ ನೋಡಿದರೆ ಏನೂ ತಿಳಿಯದು. ತೋಬಾದ ಗಾಜಿನಲ್ಲಿ ಅದು ನೂರಕ್ಕೆ ಸುಮಾರು 77, ಅಷ್ಟೇ ಸಿಲಿಕಾ ಇರುವ ಗಾಜು ಬೇರೆ ಎಷ್ಟೋ ಕಡೆ ಇದೆ. ಲಕ್ಷಕ್ಕೆ ಕೆಲವೇ ಪಾಲು ಇರುವ ಧಾತುಗಳೇ ನಿಜ ಹೇಳುವವು.

ಇಲ್ಲೊಂದು ದೊಡ್ಡ ಅಡ್ಡಿ ಇದೆ. ಅದನ್ನು ಬ್ಯಾಡಗಿ ಮಾರುಕಟ್ಟೆಯ ಉದಾಹರಣೆಯಿಂದ ಹೇಳಿದರೆ ನಮ್ಮ ಮಂದಿಗೆ ತಟ್ಟನೆ ತಿಳಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರಿನದಕ್ಕೆ ಖಾರ ಹೆಚ್ಚು. ಎರಡನ್ನೂ ಕೂಡಿಸಿ ಪುಡಿ ಮಾಡಿ, ಆ ಪುಡಿಯ ಸರಾಸರಿ ಬಣ್ಣ, ಸರಾಸರಿ ಖಾರ ಅಳೆದರೆ ಬರುವ ಉತ್ತರ ಬ್ಯಾಡಗಿಗೂ ಹೊಂದದು, ಗುಂಟೂರಿಗೂ ಹೊಂದದು. ಯಾವ ಹೊಲದಲ್ಲೂ ಬೆಳೆಯದ ಮೂರನೆಯ ತಳಿಯೊಂದು ಹುಟ್ಟಿಕೊಳ್ಳುತ್ತದೆ. ಉತ್ತರ ಸರಿಯಾಗಿ ಸಿಗಬೇಕಾದರೆ ಪುಡಿಯ ಒಂದೊಂದೇ ಕಣವನ್ನು ಎತ್ತಿ ಪರೀಕ್ಷಿಸಬೇಕು.

ನದಿ ತಂದು ಹಾಕಿದ ಬೂದಿಯಲ್ಲಿ ಸ್ಥಳೀಯ ಮಣ್ಣು, ಹಳೆಯ ಕಲ್ಲಿನ ಪುಡಿ, ಸುಣ್ಣ, ಕೆಲವೊಮ್ಮೆ ಬೇರೊಂದು ಸ್ಫೋಟದ ಗಾಜೂ ಸೇರಿರುತ್ತದೆ. ಹಿಡಿಯಷ್ಟು ಬೂದಿಯನ್ನು ಒಟ್ಟಿಗೆ ಕರಗಿಸಿ ವಿಶ್ಲೇಷಿಸುತ್ತಿದ್ದ ಹಳೆಯ ಕ್ರಮ ಎಷ್ಟೋ ಸಲ ದಾರಿ ತಪ್ಪಿಸಿತು. ಈಗ ನಡೆಯುವುದು ಒಂದೊಂದೇ ಚೂರಿನ ಪರೀಕ್ಷೆ. ಮಣ್ಣಿನ ಮಾದರಿಯನ್ನು ಆಮ್ಲದಲ್ಲಿ ತೊಳೆದು ಸುಣ್ಣ ತೆಗೆಯುತ್ತಾರೆ. ತೀರ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ ಜೇಡಿಯನ್ನು ಹೊರಗೆ ಕಳಿಸುತ್ತಾರೆ. ಆಮೇಲೆ ಭಾರದ್ರವದಲ್ಲಿ ತೇಲಿಸುತ್ತಾರೆ. ಬೆಣಚುಕಲ್ಲಿನ ಸಾಂದ್ರತೆ 2.65, ಈ ಗಾಜಿನದು ಸುಮಾರು 2.3ರಿಂದ 2.4. ದ್ರವದ ಸಾಂದ್ರತೆಯನ್ನು ನಡುವೆ ಹೊಂದಿಸಿದರೆ ಮರಳು ತಳಕ್ಕೆ, ಗಾಜು ಮೇಲಕ್ಕೆ. ಹಾಗೆ ಸಿಕ್ಕ ಚೂರುಗಳನ್ನು ರಾಳದಲ್ಲಿ ಹುದುಗಿಸಿ, ಚೂರಿನ ಹೊಟ್ಟೆ ಕಾಣುವಷ್ಟು ನಯವಾಗಿ ಉಜ್ಜುತ್ತಾರೆ.

ಅದರ ಮೇಲೆ ಎಲೆಕ್ಟ್ರಾನ್ ಕಿರಣ ಬಿಟ್ಟರೆ ಪ್ರತಿ ಧಾತುವೂ ತನ್ನದೇ ಎಕ್ಸ್-ಕಿರಣ ಹೊಮ್ಮಿಸುತ್ತದೆ. ಸಿಲಿಕಾನ್, ಅಲ್ಯೂಮಿನಿಯಂ, ಕಬ್ಬಿಣ, ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂ ಇವೆಲ್ಲದರ ಪ್ರಮಾಣ ಒಂದೇ ಚೂರಿನಿಂದ ದೊರೆಯುತ್ತದೆ. ಇಲ್ಲಿ ಕೈ ಪಳಗಿರಬೇಕು. ಕಿರಣ ತೀರ ಚೂಪಾಗಿದ್ದರೆ ಅದರ ಬಿಸಿಗೆ ಗಾಜಿನೊಳಗಿನ ಸೋಡಿಯಂ ಪಕ್ಕಕ್ಕೆ ಸರಿದುಹೋಗುತ್ತದೆ, ಅಳತೆ ಸುಳ್ಳಾಗುತ್ತದೆ. ಕಿರಣವನ್ನು ಅಗಲ ಮಾಡಿ ಸೋಡಿಯಂ ಅನ್ನು ಮೊದಲೇ ಅಳೆದುಬಿಡುತ್ತಾರೆ. ಸಂಯೋಜನೆ ಮೊದಲೇ ಗೊತ್ತಿರುವ ಗಾಜನ್ನು ನಡುನಡುವೆ ಅಳೆದು ಯಂತ್ರದ ನಡತೆ ನೋಡಿಕೊಳ್ಳುತ್ತಾರೆ. ವಿರಳ ಧಾತುಗಳಿಗೆ ಎರಡನೆಯ ಹಂತ: ಲೇಸರ್‌ನಿಂದ ಚೂರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿ ಕೊರೆದು, ಎದ್ದ ಆವಿಯನ್ನು ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ದ್ರವ್ಯರಾಶಿ ರೋಹಿತಮಾಪಕಕ್ಕೆ ಕಳಿಸಿ, ಬೇರಿಯಂ, ಥೋರಿಯಂಗಳನ್ನು ಎಣಿಸುವುದು. ಇದೇ ಅಳತೆಯನ್ನು ಸುಮಾತ್ರಾದಲ್ಲಿ ತೋಬಾದ ಬಾಯಲ್ಲೇ ಸಂಗ್ರಹಿಸಿದ ಗಾಜಿನ ಮೇಲೂ ಮಾಡಬೇಕು. ಮೂಲದ ಮಾದರಿ ಕೈಯಲ್ಲಿಲ್ಲದೆ ಹೊಂದಾಣಿಕೆ ಎಂಬ ಮಾತೇ ಇಲ್ಲ.

ಹೊಂದಾಣಿಕೆಯಲ್ಲೂ ಒಂದು ಸೂಕ್ಷ್ಮ ಇದೆ. ತೋಬಾ ಒಂದೇ ಸಲ ಸಿಡಿದದ್ದಲ್ಲ. ಸುಮಾರು 12 ಲಕ್ಷ, 8 ಲಕ್ಷ, 5 ಲಕ್ಷ ವರ್ಷಗಳ ಹಿಂದೆಯೂ ದೊಡ್ಡದಾಗಿ ಸಿಡಿದಿದೆ. ನಾಲ್ಕೂ ಒಂದೇ ಮನೆತನದವು, ಮುಖ್ಯ ಧಾತುಗಳಲ್ಲಿ ಒಂದನ್ನೊಂದು ಹೋಲುತ್ತವೆ. ಅಂದರೆ ‘ಇದು ತೋಬಾದ್ದು’ ಎಂದರೆ ಸಾಲದು, ‘ತೋಬಾದ ಯಾವ ಸ್ಫೋಟದ್ದು’ ಎಂದೂ ಹೇಳಬೇಕು. ಅಲ್ಲಿ ನೆರವಿಗೆ ಬಂದದ್ದು ಬೇರಿಯಂ. 74,000 ವರ್ಷ ಹಿಂದಿನ ಸ್ಫೋಟದ ಗಾಜನ್ನು ಚೂರು ಚೂರಾಗಿ ಅಳೆದಾಗ ಬೇರಿಯಂ ಪ್ರಮಾಣ ಒಂದೇ ಕಡೆ ಗುಂಪುಗೂಡದೆ, ಹಲವು ಬೇರೆ ಬೇರೆ ಗುಂಪುಗಳಾಗಿ ಬಿತ್ತು. ನೆಲದಡಿಯಲ್ಲಿ ಒಂದೇ ಕೊಳವಿರಲಿಲ್ಲ, ಬೇರೆ ಬೇರೆ ಹದದ ಹಲವು ಕೊಳಗಳಿದ್ದು ಎಲ್ಲ ಕೂಡಿ ಹೊರಬಿದ್ದವು ಎಂಬುದು ಇದರ ಅರ್ಥ. ಈ ಗುಂಪುಗಳ ಜೋಡಣೆಯೇ ಆ ಸ್ಫೋಟದ ಗುರುತು. ಹಿಡಿ ಬೂದಿಯ ಸರಾಸರಿ ತೆಗೆದಿದ್ದರೆ ಇದು ಎಂದೂ ಕಾಣುತ್ತಿರಲಿಲ್ಲ.

ಈ ಸೂಕ್ಷ್ಮಕ್ಕೆ ಎಷ್ಟು ಬೆಲೆ ಎಂಬುದು ಬೋರಿಯ ಬೂದಿಯಿಂದ ತಿಳಿಯುತ್ತದೆ. ಪುಣೆ ಜಿಲ್ಲೆಯ ಕುಕಡಿ ನದಿಯ ದಂಡೆಯಲ್ಲಿ ಬೋರಿ ಎಂಬ ಊರು. 1980ರ ದಶಕದಲ್ಲಿ ಅಲ್ಲಿ ಬೂದಿಯ ಪದರ ಸಿಕ್ಕಿತು, ಅದರ ಜತೆಗೇ ಆದಿ ಶಿಲಾಯುಗದ ಕೈಗೊಡಲಿಗಳೂ ಸಿಕ್ಕವು. ಬೂದಿಯ ವಯಸ್ಸು ತಿಳಿದರೆ ಉಪಕರಣಗಳ ವಯಸ್ಸೂ ತಿಳಿಯುತ್ತದೆ ಎಂದು ಪೊಟ್ಯಾಸಿಯಂ-ಆರ್ಗಾನ್ ಕ್ರಮದಲ್ಲಿ ಅಳೆದರು. ಬಂದ ಉತ್ತರ ಸುಮಾರು 14 ಲಕ್ಷ ವರ್ಷ. ಭಾರತದ ಪ್ರಾಗಿತಿಹಾಸದಲ್ಲಿ ಅದು ದೊಡ್ಡ ಸುದ್ದಿ. ಮುಂದೆ ಇನ್ನೊಂದು ಕ್ರಮದಲ್ಲಿ ಅಳೆದಾಗ ಸುಮಾರು 6.7 ಲಕ್ಷ ಬಂತು. ಒಂದೇ ಬೂದಿಗೆ ಎರಡು ವಯಸ್ಸು.

14 ಲಕ್ಷದ ವಯಸ್ಸು ವರದಿ ಮಾಡಿದ ತಂಡದಲ್ಲಿದ್ದವರಲ್ಲಿ ರವಿ ಕೋರಿಶೆಟ್ಟರ್ ಒಬ್ಬರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ಮತ್ತು ಪುರಾತತ್ತ್ವ ವಿಭಾಗದಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದವರು. 1990ರ ದಶಕದಲ್ಲಿ ಜಾನ್ ವೆಸ್ಟ್‌ಗೇಟ್, ಫಿಲ್ ಶೇನ್, ಮಾರ್ಟಿನ್ ವಿಲಿಯಮ್ಸ್ ಮೊದಲಾದವರ ಜತೆಗೂಡಿ ಅವರು ಮಧ್ಯಪ್ರದೇಶದ ಸೋನ್ ಕಣಿವೆಯೂ ಬೋರಿಯೂ ಸೇರಿದಂತೆ ಪರ್ಯಾಯದ್ವೀಪದ ಹಲವು ಕಡೆಗಳ ಬೂದಿಯ ಗಾಜನ್ನು ಹೊಸ ಕ್ರಮದಲ್ಲಿ ಪರಿಶೀಲಿಸಿದರು. 1998ರಲ್ಲಿ ಆ ತಂಡ ಪ್ರಕಟಿಸಿದ ತೀರ್ಮಾನ ಇದು: ಪರ್ಯಾಯದ್ವೀಪದಲ್ಲಿ ಸಿಕ್ಕಿರುವ ತೋಬಾ ಬೂದಿಯೆಲ್ಲ ಸುಮಾರು 75,000 ವರ್ಷ ಹಿಂದಿನ ಅದೊಂದೇ ಸ್ಫೋಟದ್ದು. ಬೋರಿಯದೂ ಅದೇ. ತಾವೇ ಸೇರಿ ಪ್ರಕಟಿಸಿದ್ದ ವಯಸ್ಸನ್ನು ಹೊಸ ಸಾಕ್ಷಿ ಬಂದಾಗ ತಾವೇ ಪಕ್ಕಕ್ಕಿಡುವುದು ದೊಡ್ಡ ಗುಣ, ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 2014ರಲ್ಲಿ ಲೇಸರ್‌ನಿಂದ ಒಂದೊಂದೇ ಚೂರಿನ ವಿರಳ ಧಾತು ಅಳೆದ ಇನ್ನೊಂದು ಅಧ್ಯಯನವೂ ಇದನ್ನೇ ಎತ್ತಿ ಹಿಡಿಯಿತು.

ಹಾಗಾದರೆ 14 ಲಕ್ಷ ಎಲ್ಲಿಂದ ಬರಬಹುದು? ಪೊಟ್ಯಾಸಿಯಂ-40ರ ಒಂದು ಪಾಲು ಕಾಲಕ್ರಮದಲ್ಲಿ ಆರ್ಗಾನ್ ಆಗುತ್ತದೆ. ಪೊಟ್ಯಾಸಿಯಂ-40ರ ಅರ್ಧಾಯುಷ್ಯ, ಅಂದರೆ ಅದರ ಅರ್ಧ ಭಾಗ ಬದಲಾಗಲು ಹಿಡಿಯುವ ಕಾಲ, 125 ಕೋಟಿ ವರ್ಷ. ಕೂಡಿರುವ ಆರ್ಗಾನ್ ಅಳೆದು ವಯಸ್ಸು ಹೇಳುತ್ತಾರೆ. ಎಳೆಯ ಬೂದಿಯಲ್ಲಿ ಆರ್ಗಾನ್ ಇರುವುದೇ ಅತ್ಯಲ್ಪ, ಹಾಗಾಗಿ ಹಳೆಯ ಕಲ್ಲಿನ ಸಣ್ಣ ಬೆರಕೆಯೂ ಲೆಕ್ಕ ಕೆಡಿಸುತ್ತದೆ. ಕೈಲೆಕ್ಕ ಹಾಕಿ ನೋಡಿ: 75,000 ವರ್ಷದ ಮಾದರಿಯೊಂದರ ಪೊಟ್ಯಾಸಿಯಂನಲ್ಲಿ ನೂರಕ್ಕೆ ಎರಡು ಪಾಲು 6.6 ಕೋಟಿ ವರ್ಷ ಹಳೆಯ ಕಲ್ಲಿನಿಂದ ಬಂದಿದ್ದರೆ, ಯಂತ್ರ ತೋರಿಸುವ ವಯಸ್ಸು ಸುಮಾರು 14 ಲಕ್ಷ. 6.6 ಕೋಟಿ ಎಂಬುದು ಬೆಳಗಾವಿಯಿಂದ ಉತ್ತರಕ್ಕೆ ಹಬ್ಬಿರುವ ದಖ್ಖನ್ ಬಸಾಲ್ಟಿನ ವಯಸ್ಸು. ಬೋರಿಯಲ್ಲಿ ನಡೆದದ್ದು ಇದೇ ಎಂದು ನಾನು ಹೇಳುತ್ತಿಲ್ಲ. ಬೆರಕೆ ಎಷ್ಟು ಕಡಿಮೆ ಇದ್ದರೂ ಎಷ್ಟು ಅನಾಹುತ ಮಾಡುತ್ತದೆ ಎಂಬುದು ಕಾಣಲಿ ಎಂದು ಈ ಲೆಕ್ಕ. ಶಿಲಾಪಾಕದೊಳಗೇ ಹಳೆಯ ಹರಳುಗಳು ಉಳಿದುಕೊಂಡಿದ್ದರೂ ಇಂಥದೇ ತೊಂದರೆ.

ಉಪಕರಣಗಳ ಮಾತು? ನದಿ ತನ್ನ ಹಳೆಯ ಜಲ್ಲಿಯನ್ನು ಕೊರೆದು ಹೊಸ ಪಾತ್ರ ಮಾಡಿಕೊಳ್ಳುತ್ತದೆ, ಆ ಪಾತ್ರದಲ್ಲಿ ಆಮೇಲಿನ ಬೂದಿ ತುಂಬಿಕೊಳ್ಳುತ್ತದೆ. ಲಕ್ಷಾಂತರ ವರ್ಷ ಹಳೆಯ ಕೈಗೊಡಲಿಯೂ 75,000 ವರ್ಷದ ಬೂದಿಯೂ ಒಂದೇ ದಂಡೆಯಲ್ಲಿ ಮಗ್ಗುಲಿಗೆ ಮಗ್ಗುಲು ಕೂಡಬಹುದು. ಕೆಲವು ಪುರಾತತ್ತ್ವಜ್ಞರು ಈ ವಿವರಣೆಯನ್ನು ಒಪ್ಪದೆ, ಬೋರಿಯ ಬೂದಿ ಹಳೆಯದೇ ಎಂದು ಮುಂದೆಯೂ ವಾದಿಸಿದ್ದಾರೆ. ಗಾಜಿನ ಸಾಕ್ಷಿ ನೋಡಿದರೆ ನನಗೆ ರಸಾಯನದವರ ಮಾತೇ ಗಟ್ಟಿ ಅನ್ನಿಸುತ್ತದೆ. ಬೂದಿ ಯಾವ ಸ್ಫೋಟದ್ದು ಎಂಬುದು ಒಂದು ಪ್ರಶ್ನೆ, ಅದು ಈ ಜಾಗಕ್ಕೆ ಯಾವಾಗ ಬಂದು ಕೂತಿತು ಎಂಬುದು ಇನ್ನೊಂದು. ಈ ವಿದ್ಯೆಯ ಅರ್ಧ ಜಗಳಗಳು ಎರಡನ್ನೂ ಒಂದೇ ಎಂದುಕೊಂಡದ್ದರಿಂದ ಹುಟ್ಟಿದವು.

ಸ್ಫೋಟದ ಗುರುತು ಒಮ್ಮೆ ಖಚಿತವಾಯಿತೆಂದರೆ ವಯಸ್ಸನ್ನು ಪ್ರತಿ ಜಾಗದಲ್ಲೂ ಅಳೆಯಬೇಕಾಗಿಲ್ಲ. ಅತಿ ಒಳ್ಳೆಯ ಹರಳುಗಳು ಸಿಗುವ ಕಡೆ ಒಮ್ಮೆ ನಿಖರವಾಗಿ ಅಳೆದು, ಅದೇ ತಾರೀಖನ್ನು ಎಲ್ಲ ಕಡೆಗೂ ಒಯ್ಯಬಹುದು. ಐಸ್‌ಲೆಂಡಿನ ಸಿಗುರ್ದುರ್ ಥೊರಾರಿನ್ಸನ್ 1944ರಲ್ಲಿ ಈ ವಿದ್ಯೆಗೆ ತಳಪಾಯ ಹಾಕಿದ್ದು ಇದೇ ತಿಳಿವಳಿಕೆಯ ಮೇಲೆ. 2012ರಲ್ಲಿ ತೋಬಾದ ಹರಳುಗಳಿಂದ ಸಿಕ್ಕ ಆರ್ಗಾನ್ ವಯಸ್ಸು 73,880 ವರ್ಷ, ಆಚೆಈಚೆ 320 ವರ್ಷ. 2014ರ ಇನ್ನೊಂದು ಅಳತೆ ಸುಮಾರು 75,000 ಎನ್ನುತ್ತದೆ. ಬರಹಗಳಲ್ಲಿ 74 ಮತ್ತು 75 ಸಾವಿರ ಎರಡೂ ಕಾಣುವುದು ಇದಕ್ಕೇ.

ಈ ತಾರೀಖು ಕೈಗೆ ಸಿಕ್ಕಿದ್ದರಿಂದ ಏನಾಯಿತು ನೋಡಿ. 2007ರಲ್ಲಿ ಮೈಕೆಲ್ ಪೆಟ್ರಾಗ್ಲಿಯಾ, ಕೋರಿಶೆಟ್ಟರ್ ಮತ್ತು ಜತೆಗಾರರು ಜ್ವಾಲಾಪುರಂನ ಉತ್ಖನನದ ಫಲ ಪ್ರಕಟಿಸಿದರು. ತೋಬಾ ಸ್ಫೋಟದಿಂದ ಲೋಕ ತಣ್ಣಗಾಗಿ ಮನುಷ್ಯಕುಲ ಅಳಿವಿನ ಅಂಚಿಗೆ ಹೋಯಿತು ಎಂಬ ವಾದ ಆಗ ಬಹಳ ಬಲವಾಗಿತ್ತು. ಜ್ವಾಲಾಪುರಂನಲ್ಲಿ ಬೂದಿಯ ಕೆಳಗಿನ ಮಣ್ಣಿನಲ್ಲೂ ಕಲ್ಲಿನ ಉಪಕರಣಗಳು ಸಿಕ್ಕವು, ಬೂದಿಯ ಮೇಲಿನ ಮಣ್ಣಿನಲ್ಲೂ ಸಿಕ್ಕವು, ಎರಡರ ಕುಶಲತೆಯೂ ಒಂದೇ ಪರಂಪರೆಯದಾಗಿ ಕಂಡಿತು. ಬೂದಿ ಬಿದ್ದ ಮೇಲೂ ಆ ಕಣಿವೆಯಲ್ಲಿ ಜನ ಬದುಕಿದ್ದರು. ಅವರು ಆಧುನಿಕ ಮಾನವರೇ, ಬೇರೆ ಕುಲದವರೇ ಎಂಬ ಚರ್ಚೆ ಎಲುಬುಗಳು ಸಿಗದೆ ನಿಂತಿದೆ. 2020ರಲ್ಲಿ ಸೋನ್ ಕಣಿವೆಯ ಧಾಬಾದಿಂದ ಬಂದ ವರದಿಯೂ ಸುಮಾರು 80,000 ವರ್ಷದಿಂದ 65,000 ವರ್ಷದವರೆಗೆ ಉಪಕರಣ ಪರಂಪರೆ ಕಡಿಯದೆ ಸಾಗಿದ್ದನ್ನು ತೋರಿಸಿತು.

ಇದೇ ಗಾಜು ಆಫ್ರಿಕಾದಲ್ಲೂ ಸಿಕ್ಕಿದೆ. ಅಲ್ಲಿ ಕಣ್ಣಿಗೆ ಕಾಣುವ ಪದರವಿಲ್ಲ, ಮಣ್ಣಿನಲ್ಲಿ ಚದುರಿದ ಕೆಲವೇ ಚೂರುಗಳು. 2013ರಲ್ಲಿ ಮಲಾವಿ ಸರೋವರದ ತಳದ ಕೆಸರಿನಲ್ಲಿ, ತೋಬಾದಿಂದ 7,000 ಕಿಲೋಮೀಟರಿಗೂ ದೂರದಲ್ಲಿ, ಅವನ್ನು ಗುರುತಿಸಿದರು. 2018ರಲ್ಲಿ ದಕ್ಷಿಣ ಆಫ್ರಿಕಾದ ಕಡಲ ದಂಡೆಯ ಪಿನಾಕಲ್ ಪಾಯಿಂಟ್ ನೆಲೆಯಲ್ಲಿ, ಸುಮಾರು 9,000 ಕಿಲೋಮೀಟರ್ ದೂರದಲ್ಲಿ, ಮತ್ತೆ ಸಿಕ್ಕವು. ಅಲ್ಲೂ ಜನಜೀವನ ಬೂದಿಯ ಮೇಲೆ ಮುಂದುವರಿದಿತ್ತು. ಜುರ್ರೇರು ಕಣಿವೆಯವರೂ ಆಫ್ರಿಕಾದ ಕಡಲ ದಂಡೆಯವರೂ ಒಂದೇ ಋತುವಿನಲ್ಲಿ ಏನು ಮಾಡುತ್ತಿದ್ದರು ಎಂದು ಹೋಲಿಸಿ ನೋಡಲು ಬೇರೆ ಯಾವ ಸಾಧನವೂ ಇಲ್ಲ. ಬೇರೆ ಕ್ರಮಗಳಲ್ಲಿ ಬರುವ ತಾರೀಖುಗಳು ಸಾವಿರಾರು ವರ್ಷ ಆಚೆಈಚೆ ತೂಗಾಡುತ್ತವೆ.

ಇತಿಹಾಸ ಕಾಲದ ಒಗಟುಗಳೂ ಇದೇ ಹಾದಿಯಲ್ಲಿ ಬಿಡಿಸಿಕೊಂಡಿವೆ. ಐರ್ಲೆಂಡಿನ ಜೌಗು ನೆಲದಲ್ಲಿ ಒಂಬತ್ತನೆಯ ಶತಮಾನದ ಬೂದಿಯೊಂದು ಇತ್ತು. ಹತ್ತಿರದ ಐಸ್‌ಲೆಂಡಿನದೇ ಇರಬೇಕು ಎನ್ನುವುದು ಸಹಜ ಊಹೆ, ಆದರೆ ಅಲ್ಲಿನ ಯಾವ ಗಾಜಿಗೂ ಅದು ಹೊಂದಲಿಲ್ಲ. 2014ರಲ್ಲಿ ಅದು ಅಟ್ಲಾಂಟಿಕ್ ದಾಟಿ ಅಲಾಸ್ಕಾದ ಚರ್ಚಿಲ್ ಪರ್ವತದಿಂದ, ಕ್ರಿ.ಶ. 853ರ ಸುಮಾರಿಗೆ ಬಂದದ್ದೆಂದು ಸಾಬೀತಾಯಿತು. ಆಗ ನಮ್ಮಲ್ಲಿ ಅಮೋಘವರ್ಷನ ಆಳ್ವಿಕೆ, ಹಾವೇರಿ ಜಿಲ್ಲೆಯ ಬಂಕಾಪುರದ ಹೆಸರಿನಲ್ಲಿ ಉಳಿದಿರುವ ಬಂಕೇಯ ಅವನ ದಂಡನಾಯಕ.

1257ರದು ಇನ್ನೂ ದೊಡ್ಡ ಒಗಟು. ಎರಡೂ ಧ್ರುವಗಳ ಹಿಮದಲ್ಲಿ ಗಂಧಕಾಮ್ಲದ ಭಾರಿ ಗುರುತು ಇತ್ತು, ಮೂಲ ಸಿಕ್ಕಿರಲಿಲ್ಲ. ಮೆಕ್ಸಿಕೋ, ಈಕ್ವೆಡಾರ್ ಎಂದೆಲ್ಲ ಹುಡುಕಿದರು. 2013ರಲ್ಲಿ ಫ್ರಾಂಕ್ ಲವೀನ್ ಅವರ ತಂಡ ಇಂಡೋನೇಷ್ಯಾದ ಲೊಂಬಾಕ್ ದ್ವೀಪದ ಸಮಾಲಾಸ್ ಎಂದು ತೋರಿಸಿತು. ಗಾಜಿನ ರಸಾಯನ, ಸುಟ್ಟ ಮರದ ವಯಸ್ಸು, ಜತೆಗೆ ಆ ದ್ವೀಪದವರು ತಾಳೆಗರಿಯಲ್ಲಿ ಬರೆದಿಟ್ಟ ವೃತ್ತಾಂತ. ಬೆಟ್ಟ ಕುಸಿದು ಪಮಾತಾನ್ ಎಂಬ ನಗರ ನಾಶವಾದದ್ದನ್ನು ಆ ಗರಿಗಳು ಹೇಳುತ್ತಿದ್ದವು, ವಿಜ್ಞಾನಿಗಳು ಬಂದು ಕೇಳುವವರೆಗೆ ಹೊರಗಿನವರು ಅದಕ್ಕೆ ಕಿವಿಗೊಟ್ಟಿರಲಿಲ್ಲ.

1831ರ ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಅದೇ ವರ್ಷದ ಬೇಸಿಗೆಯ ಆಚೆ ಲೋಕದ ಹಲವೆಡೆ ಸೂರ್ಯ ನೀಲಿ, ಹಸಿರಾಗಿ ಕಂಡ. ಯಾವುದೋ ದೊಡ್ಡ ಸ್ಫೋಟ ಆಗಿತ್ತು, ಎಲ್ಲಿ ಎಂದು ಗೊತ್ತಿರಲಿಲ್ಲ. ಗ್ರೀನ್‌ಲೆಂಡಿನ ಹಿಮದಿಂದ ತೆಗೆದ, ಕೂದಲಿಗಿಂತ ಎಷ್ಟೋ ತೆಳುವಾದ ಗಾಜಿನ ಚೂರುಗಳು ಪೆಸಿಫಿಕ್‌ನ ಕುರಿಲ್ ದ್ವೀಪಮಾಲೆಯ ನಿರ್ಜನ ಸಿಮುಶಿರ್ ದ್ವೀಪದ ಜವರಿತ್ಸ್ಕಿ ಜ್ವಾಲಾಮುಖಿಗೆ ಹೊಂದಿದವು ಎಂಬ ಉತ್ತರ ಬಂದದ್ದು 2024ರ ಕೊನೆಯಲ್ಲಿ. ಇವತ್ತಿಗೆ ಇನ್ನೂರು ವರ್ಷವೂ ಆಗದ ಘಟನೆಗೆ ವಿಳಾಸ ಹುಡುಕಲು ಇಷ್ಟು ಕಾಲ ಹಿಡಿಯಿತು. 1808–09ರ ಇನ್ನೊಂದು ದೊಡ್ಡ ಸ್ಫೋಟದ ಮೂಲ ಇನ್ನೂ ಖಚಿತವಾಗಿಲ್ಲ.

ನಮ್ಮ ನೆಲದ ಮಾತಿಗೆ ಬರೋಣ. ತೋಬಾದಿಂದ ಗದಗ ಸುಮಾರು 2,900 ಕಿಲೋಮೀಟರ್. ಜ್ವಾಲಾಪುರಂಗೂ ಬೋರಿಗೂ ಬಿದ್ದ ಬೂದಿ ನಡುವಿನ ಗದಗ, ಹುಬ್ಬಳ್ಳಿ, ಹಾವೇರಿಗಳನ್ನು ಬಿಟ್ಟು ಹೋಗಿರಲಾರದು. ಹಾಗಿದ್ದರೆ ನಮ್ಮ ಹೊಲಗಳಲ್ಲಿ ಬಾವಿ ತೋಡುವಾಗ ಬಿಳಿ ಗೆರೆ ಏಕೆ ಕಾಣುವುದಿಲ್ಲ? ಎರೆ ಹೊಲ ನೋಡಿದವರಿಗೆ ಉತ್ತರ ಕಣ್ಣೆದುರೇ ಇದೆ. ಬೇಸಿಗೆಯಲ್ಲಿ ಎರೆ ಮಣ್ಣು ಕೈ ಹೋಗುವಷ್ಟು ಬಿರಿಯುತ್ತದೆ, ಮೇಲಿನ ಮಣ್ಣು ಬಿರುಕಿನೊಳಗೆ ಉದುರುತ್ತದೆ, ಮಳೆ ಬಂದಾಗ ಜೇಡಿ ಉಬ್ಬಿ ಕೆಳಗಿನದನ್ನು ಮೇಲಕ್ಕೆ ದೂಡುತ್ತದೆ. ಪ್ರತಿ ವರ್ಷ ತನ್ನನ್ನು ತಾನೇ ಮಗುಚಿಕೊಳ್ಳುವ ಮಣ್ಣಿನಲ್ಲಿ ಕೆಲವು ಸೆಂಟಿಮೀಟರ್ ಬೂದಿ ಪದರವಾಗಿ ಉಳಿಯುವುದು ಸಾಧ್ಯವಿಲ್ಲ. ಜತೆಗೆ ಗಾಜು ಬಿಸಿ, ತೇವಗಳಲ್ಲಿ ಕರಗಿ ಕರಗಿ ಜೇಡಿಯೇ ಆಗಿಬಿಡುತ್ತದೆ. ಎರೆ ಮಣ್ಣು ಕಪ್ಪಗಿರುವುದು ಜ್ವಾಲಾಮುಖಿಯ ಬೂದಿಯಿಂದ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ, ಅದು ನಿಜವಲ್ಲ. ಅದು ಕಲ್ಲು ಶಿಥಿಲವಾಗಿ ಆದ ಜೇಡಿ, ತೋಬಾದ ಬೂದಿಗೆ ಕಪ್ಪು ಬಣ್ಣವೇ ಇಲ್ಲ.

ಕಪ್ಪತಗುಡ್ಡದ ಸುತ್ತಲಿನ ಕಲ್ಲುಗಳಲ್ಲಿ ನಿಜವಾದ ಜ್ವಾಲಾಮುಖಿಯ ವಸ್ತು ಇದೆ. ಆದರೆ ಅದಕ್ಕೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಅಷ್ಟು ಕಾಲ ಯಾವ ಗಾಜೂ ಗಾಜಾಗಿ ಉಳಿಯದು, ಹರಳುಗಟ್ಟಿ ಬೇರೆ ಖನಿಜಗಳಾಗಿ ಹೋಗಿರುತ್ತದೆ. ಇಲ್ಲಿ ಹೇಳಿದ ಕ್ರಮ ಅಲ್ಲಿ ನಡೆಯುವುದಿಲ್ಲ, ಜಿರ್ಕಾನ್ ಹರಳುಗಳ ಬೇರೆಯೇ ವಿದ್ಯೆ ಬೇಕು.

ಬೂದಿ ಉಳಿದಿರಬಹುದಾದ ಜಾಗ ಎಂದರೆ ಒಮ್ಮೆ ತುಂಬಿ ಮುಚ್ಚಿಹೋದ ಹಳ್ಳದ ತಗ್ಗುಗಳು, ಮಲಪ್ರಭಾ, ವರದಾ, ತುಂಗಭದ್ರೆಯರ ಹಳೆಯ ಎತ್ತರದ ದಂಡೆಗಳು. ಅಂಥ ಕಡೆ ದಂಡೆ ಕುಸಿದಾಗ ಬಿಳಿ ಪಟ್ಟಿ ಕಂಡರೆ ಮೊದಲು ಸುಣ್ಣದ ಅನುಮಾನ ಬರಬೇಕು, ನಮ್ಮ ಕಡೆ ಬಿಳಿ ಪದರಗಳಲ್ಲಿ ಹೆಚ್ಚಿನವು ಸುಣ್ಣದ ಗಂಟುಗಳೇ. ಅದರ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕಿದರೆ ಸುಣ್ಣ ನೊರೆಯುತ್ತದೆ, ಬೂದಿ ನೊರೆಯುವುದಿಲ್ಲ. ಬೂದಿ ಕೈಗೆ ಹಗುರ, ಬೆರಳ ನಡುವೆ ಉಜ್ಜಿದರೆ ನಯವಾಗಿದ್ದೂ ತರಿತರಿ. ಭೂತಗನ್ನಡಿಯಲ್ಲಿ ಬಿಸಿಲಿಗೆ ಹಿಡಿದರೆ ಚೂರುಗಳು ಮಿನುಗುತ್ತವೆ, ಆದರೆ ಬೆಣಚುಕಲ್ಲೂ ಅಭ್ರಕವೂ ಮಿನುಗುತ್ತವೆ, ಅದೊಂದನ್ನೇ ನಂಬಬಾರದು. ಅನುಮಾನ ಗಟ್ಟಿಯಾದರೆ ಅಗೆಯದೆ, ಜಾಗದ ಗುರುತು ಬರೆದುಕೊಂಡು, ಮೇಲಿನ ಮತ್ತು ಕೆಳಗಿನ ಮಣ್ಣೂ ಕಾಣುವ ಹಾಗೆ ಫೋಟೋ ತೆಗೆದು, ಧಾರವಾಡದ ವಿಶ್ವವಿದ್ಯಾಲಯದ ಭೂವಿಜ್ಞಾನ ಅಥವಾ ಪುರಾತತ್ತ್ವ ವಿಭಾಗಕ್ಕೆ ತೋರಿಸಬೇಕು. ಪದರದಿಂದ ಕಿತ್ತು ಚೀಲಕ್ಕೆ ತುಂಬಿದ ಬೂದಿಯಿಂದ ಯಾವ ಸ್ಫೋಟದ್ದೆಂದು ತಿಳಿಯಬಹುದು. ಅದರ ಮೇಲೆ ಯಾರು ಬದುಕಿದ್ದರು, ಕೆಳಗೆ ಯಾರಿದ್ದರು ಎಂಬುದು ತಿಳಿಯಬೇಕಾದರೆ ಪದರ ಅದರ ಜಾಗದಲ್ಲೇ ಇರಬೇಕು. ಜ್ವಾಲಾಪುರಂನಲ್ಲಿ ಮಾರಾಟಕ್ಕೆಂದು ಅಗೆದು ಹೋದ ಬೂದಿಯ ವಿಷಯದಲ್ಲಿ ನನಗಿರುವ ಸಂಕಟ ಅದೇ. ತುಂಗಭದ್ರೆಯ ದಂಡೆಗಳನ್ನು ಮರಳಿಗಾಗಿ ಬಗೆಯುವುದನ್ನು ಕಂಡಾಗಲೂ ಅದೇ ಸಂಕಟ. ಅಲ್ಲಿ ಯಾವ ಪದರ ಇತ್ತೆಂದು ಆಮೇಲೆ ಯಾವ ಲೇಸರ್‌ನಿಂದಲೂ ಹೇಳಲಾಗದು.